ಎರಡುಕೂಗಿನ ಕದವಿಲ್ಲದ ಮನೆ

ತೊರೆಪಟ್ಟಣದ ಹಳೇ ಪೇಟೆಯಿಂದ ಹೊರಡುವ ಸಿಟಿ ಬಸ್ಸು ಎಣ್ಣೆ ಗಿರಣಿ, ಹೆಣ್ಣುಮಕ್ಕಳ ಹೈಸ್ಕೂಲು, ರೈಲ್ವೆ ಗೇಟುಗಳನ್ನು ದಾಟಿ ಐದನೆಯದಾಗಿ ನಿಲ್ಲುವ ಜಾಗಕ್ಕೆ ಎರಡುಕೂಗು ಎಂದು ಹೆಸರು. ನಗರಸಭೆಯವರು ಅಲ್ಲಿ ನೆಟ್ಟಿರುವ ಹಸಿರು ಫಲಕದಲ್ಲಿ ‘ನವಚೇತನ ಬಡಾವಣೆ, ಮೊದಲನೆಯ ಹಂತ’ ಎಂದಿದೆ. ಬರೆದ ಪೇಂಟರನ್ನು ಬಿಟ್ಟರೆ ಆ ಫಲಕವನ್ನು ಪೂರ್ತಿ ಓದಿದವರು ಇನ್ನೊಬ್ಬರಿರುವುದು ಅನುಮಾನ. ಇಳಿದು ನಾಲ್ಕು ಹೆಜ್ಜೆ ನಡೆದರೆ ಯಾವ ಊರಿನ ಹೊರವಲಯದಲ್ಲೂ ಕಾಣುವಂಥದೇ ಬೀದಿಗಳು: ಕಾಂಪೌಂಡಿನಿಂದ ಹೊರಕ್ಕೆ ಚಾಚಿದ ನುಗ್ಗೆ ಮರ, ಮನೆಗೊಂದು ನೀರಿನ ಟ್ಯಾಂಕು, ಗೇಟಿನ ಮುಂದೆ ಬಟ್ಟೆ ಹೊದಿಸಿ ನಿಲ್ಲಿಸಿದ ಕಾರು, ಟ್ಯೂಷನ್ನಿನ ಬೋರ್ಡು, ಬಿಸಿಲಿಗೆ ಹಾಕಿದ ಹಪ್ಪಳ. ಇವುಗಳ ನಡುವೆ ಮೂರನೆಯ ಸಾಲಿನಲ್ಲಿ ನಾಡಹೆಂಚಿನ ತಗ್ಗಾದ ಮನೆಯೊಂದು ಉಳಿದುಕೊಂಡಿದೆ. ಮುಂದೆ ಕಲ್ಲಿನ ಜಗುಲಿ, ಜಗುಲಿಯ ಮೇಲೆ ನೀರು ತುಂಬಿಟ್ಟ ಮಣ್ಣಿನ ಹರವಿ, ಹರವಿಯ ಬಾಯಿಗೆ ಮುಚ್ಚಿದ ತಟ್ಟೆ, ಅದರ ಮೇಲೊಂದು ಲೋಟ. ನಡುವೆ ಹಲಸಿನ ಮರದ ಭಾರಿ ಬಾಗಿಲವಾಡ. ಆ ಬಾಗಿಲವಾಡಕ್ಕೆ ಕದವಿಲ್ಲ. ಹಳತಾಗಿ ಕಳಚಿಬಿದ್ದದ್ದಲ್ಲ, ನೂರು ಚಿಲ್ಲರೆ ವರ್ಷಗಳಿಂದ ಆ ಮನೆಗೆ ಕದವನ್ನು ಇಟ್ಟೇ ಇಲ್ಲ. ಬೀಡಾಡಿ ದನ ನುಗ್ಗದಿರಲೆಂದು ಸೊಂಟದೆತ್ತರಕ್ಕೆ ಒಂದು ಬಿದಿರಿನ ತಡಿಕೆ ಇದೆ, ಅಷ್ಟೆ. ಒಳಗೆ ಟಿ.ವಿ. ಓಡುತ್ತಿರುವುದು ಬೀದಿಯವರಿಗೂ ಕಾಣುತ್ತದೆ. ಹೊಸ್ತಿಲಿನ ಮೇಲೆ ಹಿತ್ತಾಳೆಯ ಮೊಳೆಗಳಿವೆ. ಅವುಗಳ ವಿಷಯ ಆಮೇಲೆ ಹೇಳುತ್ತೇನೆ.

ಈ ಬಡಾವಣೆಗೆ ಮೂವತ್ತೊಂದು ವರ್ಷ ಅಂಚೆ ಹಂಚಿದವನು ನಾನು. ಬೇರೆ ಬೀದಿಗಳಲ್ಲಿ ಗಂಟಲು ಹರಿಯುವಂತೆ ಕೂಗಿದ್ದೇನೆ. ಮನಿಯಾರ್ಡರು ತಂದವನನ್ನೂ ಬಿಸಿಲಲ್ಲಿ ನಿಲ್ಲಿಸಿ, ಒಳಗೆ ಒಗ್ಗರಣೆ ಮುಗಿಸಿ ಸಾವಕಾಶವಾಗಿ ಬರುವ ಮಹಾತಾಯಂದಿರನ್ನು ಕಂಡಿದ್ದೇನೆ. ಎರಡುಕೂಗಿನಲ್ಲಿ ಮಾತ್ರ ಹಾಗಿಲ್ಲ. ‘ಪೋಸ್ಟ್’ ಎಂದು ಬಾಯಿ ಮುಚ್ಚುವುದರೊಳಗೆ ‘ಓ, ಬಂದೆ’ ಎಂದು ಒಳಗಿನಿಂದ ಉತ್ತರ ಬರುತ್ತದೆ. ಕೂಗಿದ್ದು ಒಂದು ಮನೆಗಾದರೆ ಅಕ್ಕಪಕ್ಕದ ಮೂರು ಮನೆಯವರು ಓಗೊಡುತ್ತಾರೆ. ಬಚ್ಚಲಲ್ಲಿದ್ದವರು ಬಚ್ಚಲಿನಿಂದಲೇ ಓ ಎನ್ನುತ್ತಾರೆ. ಹೊಸದಾಗಿ ಬಾಡಿಗೆಗೆ ಬಂದವರು ಇದನ್ನು ಕಂಡು ನಗುತ್ತಾರೆ. ಆರು ತಿಂಗಳಲ್ಲಿ ಅವರಿಗೂ ಅದೇ ಅಭ್ಯಾಸ ಅಂಟಿಕೊಳ್ಳುತ್ತದೆ. ಸೊಪ್ಪು ಮಾರುವವಳು, ಗ್ಯಾಸಿನವನು, ಚುನಾವಣೆಗೆ ಕೈಮುಗಿಯಲು ಬರುವವರು, ಎಲ್ಲರೂ ಈ ಬಡಾವಣೆಯ ಜನ ಬಹಳ ಸಭ್ಯರೆಂದು ಹೊಗಳುತ್ತಾರೆ. ಭಯಕ್ಕೆ ಸಭ್ಯತೆ ಎಂದು ಹೆಸರು ಕೊಟ್ಟರೆ ಬೇಡವೆನ್ನುವವರು ಯಾರು? ಆ ಭಯ ಎಲ್ಲಿಂದ ಬಂತೆಂಬುದನ್ನು ನಾನು ಕದವಿಲ್ಲದ ಮನೆಯ ಈರಜ್ಜಿಯ ಬಾಯಿಂದಲೇ ಕೇಳಿದ್ದೇನೆ. ಅದೇ ಸಾಲಿನಲ್ಲಿ ಹುಟ್ಟಿ ಬೆಳೆದ ನನ್ನ ಅಜ್ಜಿಯೂ ಹೇಳಿದ್ದಾಳೆ. ಇಬ್ಬರ ಮಾತೂ ಒಂದೇ ಒಂದು ಕಡೆ ಬಿಟ್ಟು ಉಳಿದೆಲ್ಲ ಕಡೆ ಕೂಡುತ್ತದೆ.

ಹಿಂದೆ ಒಮ್ಮೆ, ಪ್ಲೇಗು ಎಂಬ ಮಾರಿ ಮೊದಲ ಸಲ ಈ ಸೀಮೆಗೆ ಕಾಲಿಟ್ಟಾಗ, ಇಲ್ಲಿ ಒಂದು ಮನೆಯೂ ಇರಲಿಲ್ಲ ಎನ್ನುತ್ತಾರೆ. ಕಳ್ಳಿ ಬೇಲಿ, ಹುರುಳಿ ಹೊಲ, ಒಂದು ಸೇದುವ ಬಾವಿ. ಅತ್ತ ಪೇಟೆಯಲ್ಲಿ ಇಲಿ ಬೀಳತೊಡಗಿದವು. ಸೂರಿನಿಂದ ಇಲಿ ಬಿದ್ದು ಗಿರಗಿರನೆ ಸುತ್ತಿ ಸತ್ತ ಮನೆಯಲ್ಲಿ ವಾರದೊಳಗೆ ಜ್ವರ, ಜ್ವರದ ಬೆನ್ನಿಗೇ ಕಂಕುಳಲ್ಲೋ ತೊಡೆಸಂದಿಯಲ್ಲೋ ಗಡ್ಡೆ. ಗಡ್ಡೆ ಎದ್ದವರು ಮತ್ತೆ ಎದ್ದು ಓಡಾಡಿದ್ದು ಕಡಿಮೆ. ಸರ್ಕಾರದವರು ಪೇಟೆಯಿಂದ ಮೂರು ಮೈಲಿ ಆಚೆ ಹಗ್ಗ ಹಿಡಿದು ನಾಲ್ಕು ಸಾಲು ಅಳೆದು, ಬರುವವರು ಬನ್ನಿ ಎಂದರು. ಮೊದಲು ಬಂದವರು ನೇಕಾರರು. ಅವರಿಗೆ ಮುಖಂಡನಾಗಿದ್ದವನು ಮಗ್ಗದ ರಾಮಲಿಂಗಪ್ಪ. ಮಾತು ಕಡಿಮೆ, ಹಿಡಿದದ್ದನ್ನು ಬಿಡದ ಮನುಷ್ಯ. ಮಾರಿ ಹೋದ ಮೇಲೆ ಪೇಟೆಗೆ ಹಿಂದಿರುಗುವುದೇ ಎಂದು ಉಳಿದವರು ತಡಿಕೆಯ ಗುಡಿಸಲು ಹಾಕಿಕೊಂಡರೆ, ಇವನು ಕಲ್ಲು ಮಣ್ಣು ಹೊರಿಸಿ ಒಂದೇ ಬೇಸಿಗೆಯಲ್ಲಿ ಗೋಡೆ ಎಬ್ಬಿಸಿ, ಹೆಂಚು ಹೊದಿಸಿ, ಹಲಸಿನ ಮರದ ಕದ ಇಡಿಸಿದ. ಎರಡಾಳು ಸೇರಿ ಎತ್ತಬೇಕಾದ ಕದ ಅದು. ಇವನನ್ನು ನೋಡಿ ಉಳಿದವರೂ ಮಣ್ಣಿನ ಗೋಡೆ ಕಟ್ಟಿಕೊಂಡರು. ಪ್ಲೇಗು ಗಾಳಿಯಲ್ಲಿ ಬರುತ್ತದೆಂದು ಬೀದಿಯ ಕಡೆಗೆ ಯಾರೂ ಕಿಟಕಿ ಬಿಡಲಿಲ್ಲ. ಮನೆಗೆ ಬಾಯಿ ಎಂಬುದು ಇದ್ದರೆ ಅದು ಮುಂಬಾಗಿಲೊಂದೇ.

ಆರೇಳು ತಿಂಗಳು ಹೊಸ ಸಾಲುಗಳಲ್ಲಿ ಇಲಿ ಬೀಳಲಿಲ್ಲ. ಆಮೇಲೆ ಒಂದು ದಿನ ಮಟಮಟ ಮಧ್ಯಾಹ್ನ ನಾಲ್ಕನೆಯ ಸಾಲಿನ ಮನೆಯೊಂದರ ಮುಂದೆ ಯಾರೋ ಹೆಸರು ಹಿಡಿದು ಕೂಗಿದರು. ಮನೆಯಾಕೆ ತನ್ನ ಅಣ್ಣನ ದನಿ ಎಂದು ಕದ ತೆಗೆದಳು. ಹೊರಗೆ ಯಾರೂ ಇರಲಿಲ್ಲವಂತೆ. ಎಂಟು ದಿನದಲ್ಲಿ ಆ ಮನೆಯಿಂದ ನಾಲ್ಕು ಹೆಣ ಎದ್ದವು. ಬಾವಿಕಟ್ಟೆಯ ಬಳಿ ಹಿರಿಯರು ಕೂಡಿದರು. ಮಾರಿ ಬಂಧುಗಳ ದನಿಯಲ್ಲಿ ಕರೆಯುತ್ತಾಳೆ, ಓಗೊಟ್ಟು ಕದ ತೆಗೆದವರ ಮನೆ ಹೊಗುತ್ತಾಳೆ ಎಂಬುದು ಎಲ್ಲರೂ ಕೇಳಿದ್ದ ಮಾತೇ. ಆಕೆಯನ್ನು ಗುರುತಿಸುವುದು ಹೇಗೆ ಎಂದು ಹೇಳಿದವನು ರಾಮಲಿಂಗಪ್ಪ. ‘ಮಾರೀಗೆ ಎರಡೇ ಉಸಿರು. ಮೂರನೇ ಕೂಗಿಗೆ ಆಕೆ ತಾವ ಉಸಿರಿರಾಕಿಲ್ಲ. ಮೂರು ಸಲ ಕೂಗ್ದೋರು ಮನುಷ್ಯರು. ಅಲ್ಲೀಗಂಟ ಯಾರೂ ಓ ಅನ್ನಬೇಡಿ, ಅಗುಳಿ ಮುಟ್ಟಬೇಡಿ’ ಎಂದ. ಇದನ್ನು ಅವನಿಗೆ ಯಾರು ಹೇಳಿದರೆಂದು ಯಾರೂ ಕೇಳಲಿಲ್ಲ. ದಿಕ್ಕು ತೋಚದೆ ಕುಳಿತ ಜನಕ್ಕೆ ಹಿಡಿದುಕೊಳ್ಳಲು ಏನೋ ಒಂದು ಸಿಕ್ಕಿತು, ಹಿಡಿದುಕೊಂಡರು.

ಅಂದಿನಿಂದ ಪ್ರತಿ ಮನೆಯ ಹೊಸ್ತಿಲಿನ ಒಳಮೈಗೆ ಮೂರು ಹುಣಸೆಬೀಜ ಇಡುವುದು ರೂಢಿಯಾಯಿತು. ಹೊರಗಿನಿಂದ ಒಂದು ಕೂಗು ಬಂದರೆ ಮನೆಯ ಹೆಂಗಸು ಒಂದು ಬೀಜವನ್ನು ಎಡದಿಂದ ಬಲಕ್ಕೆ ಸರಿಸಬೇಕು. ಗಾಬರಿಯಲ್ಲಿ ಎಣಿಕೆ ತಪ್ಪಬಾರದೆಂದು ಈ ಏರ್ಪಾಡು. ಮೊದಲ ಕೂಗು ಕೇಳಿದೊಡನೆ ಸಾಲಿನ ಎಲ್ಲ ಮಗ್ಗಗಳೂ ನಿಲ್ಲುತ್ತಿದ್ದವು. ಲಾಳಿಯ ಸದ್ದು ನಿಂತ ಬೀದಿಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಎಣಿಸುವರು. ಮೂರನೆಯದು ಕೇಳಿದ ಮೇಲೆ ಅಗುಳಿ ಸರಿಯುವುದು, ಮಗ್ಗಗಳು ಮತ್ತೆ ಸದ್ದು ಮಾಡುವುವು. ಒಮ್ಮೆ ಎರಡನೆಯ ಸಾಲಿನಲ್ಲಿ ಯಾರೋ ಎರಡು ಸಲ ಕೂಗಿ ಸುಮ್ಮನಾದರು. ಆ ಮನೆಯವರು ಕದ ತೆಗೆಯಲಿಲ್ಲ, ಆ ಮನೆಯಲ್ಲಿ ಜ್ವರವೂ ಬರಲಿಲ್ಲ. ನೋಡಿದಿರಾ ಎಂದು ಜನ ರಾಮಲಿಂಗಪ್ಪನಿಗೆ ಕೈಮುಗಿದರು. ಎರಡು ಸಲ ಕೂಗಿ ಹೋದದ್ದು ಯಾರಿರಬಹುದು, ಏನು ಬೇಕಾಗಿತ್ತು, ಎಲ್ಲಿಗೆ ಹೋದರು ಎಂದು ಮಾತ್ರ ಯಾರೂ ವಿಚಾರಿಸಲಿಲ್ಲ. ಇದನ್ನು ಹೇಳುವಾಗ ನನ್ನ ಅಜ್ಜಿ ತಲೆ ತಗ್ಗಿಸುತ್ತಿದ್ದಳು.

ರಾಮಲಿಂಗಪ್ಪನಿಗೂ ಅವನ ಹೆಂಡತಿ ಚೌಡಮ್ಮನಿಗೂ ಉಳಿದದ್ದು ಒಂದೇ ಮಗು. ಮೊದಲ ನಾಲ್ಕು ಹುಟ್ಟಿದ ವರ್ಷವೇ ಮಣ್ಣು ಸೇರಿದ್ದವು. ಐದನೆಯದು ಹುಟ್ಟಿದಾಗ, ಯಮನ ಕಣ್ಣಿಗೆ ಯಾರಿಗೂ ಬೇಡದ ಕೂಸಿನಂತೆ ಕಾಣಲಿ ಎಂದು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಟ್ಟು, ನೆರೆಯವಳಿಂದ ಎತ್ತಿಸಿ ತಂದು, ತಿಪ್ಪಮ್ಮ ಎಂದು ಹೆಸರಿಟ್ಟರು. ಹುಡುಗಿ ಉಳಿಯಿತು, ಉಳಿದದ್ದಲ್ಲದೆ ಗಟ್ಟಿಯಾಗಿ ಬೆಳೆಯಿತು. ಬೀದಿಯ ಆ ತುದಿಯಲ್ಲಿ ನಿಂತು ‘ಅವ್ವಾ’ ಎಂದರೆ ಈ ತುದಿಯ ಮಗ್ಗದ ಗುಂಡಿಯಲ್ಲಿ ಕುಳಿತವರಿಗೆ ಕೇಳುವಂಥ ಗಂಟಲು. ‘ಇವಳನ್ನ ಮದುವೆ ಆಗೋನು ಕಿವಿಗೆ ಹತ್ತಿ ಇಟ್ಕೊಬೇಕು’ ಎಂದು ಅಪ್ಪ ನಗುತ್ತಿದ್ದನಂತೆ. ಅವನು ನಗುತ್ತಿದ್ದದ್ದು ಮಗಳೆದುರಿಗೆ ಮಾತ್ರ. ಪೇಟೆಯಲ್ಲಿ ನೂಲಿಗೆ ಬಣ್ಣ ಹಾಕುವವರ ಮನೆಗೆ ಅವಳನ್ನು ಕೊಟ್ಟಿದ್ದರು. ಚೊಚ್ಚಲು ಬಾಣಂತನಕ್ಕೆ ಈ ಹೊಸ ಮನೆಗೇ ಬಂದಳು, ಹೆಣ್ಣು ಹೆತ್ತಳು, ಐದು ತಿಂಗಳು ಇದ್ದಳು. ಆ ಐದು ತಿಂಗಳೂ ಹೊಸ್ತಿಲ ಬಳಿ ಬೀಜ ಸರಿಸುವ ಕೆಲಸ ಅವಳದೇ ಆಗಿತ್ತು. ಪೇಟೆಯಲ್ಲಿ ಜ್ವರ ಇಳಿದಿದೆ ಎಂಬ ಸುದ್ದಿ ಬಂದು, ಅತ್ತೆಯ ಮನೆಯವರು ಕರೆಯಲು ಬಂದಾಗ ಚೌಡಮ್ಮ ಇನ್ನೊಂದು ತಿಂಗಳು ಇರಲಿ ಎಂದಳು. ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಮರ್ಯಾದೆಯಲ್ಲ ಎಂದು ರಾಮಲಿಂಗಪ್ಪ ಮಡಿಲು ತುಂಬಿಸಿ ಕಳಿಸಿಕೊಟ್ಟ.

ಯುಗಾದಿಯ ಹೊತ್ತಿಗೆ ಪೇಟೆಯಲ್ಲಿ ಮತ್ತೆ ಇಲಿ ಬಿದ್ದವು. ಈ ಸಲ ಹಿಂದಿನದಕ್ಕಿಂತ ಹೆಚ್ಚು. ಸಾಲುಗಳ ಜನ ಪೇಟೆಯ ದಾರಿಯನ್ನೇ ಬಿಟ್ಟರು. ಅಲ್ಲಿಂದ ಬರುವವರು ಮುಟ್ಟದಿರಲೆಂದು ದಾರಿಯ ಬಾವಿಗಳ ಹಗ್ಗ ಕೊಡಗಳನ್ನು ತೆಗೆದು ಒಳಗಿಟ್ಟುಕೊಂಡರು. ಒಂದು ದಿನ ಪೇಟೆಯ ಮುದಿ ಅಗಸನೊಬ್ಬ ಬೇಲಿಯಾಚೆ ನಿಂತು ರಾಮಲಿಂಗಪ್ಪನನ್ನು ಕೂಗಿ ಕರೆದ. ‘ಬಣ್ಣದೋರ ಮನೇಲಿ ಯಾರೂ ಇಲ್ಲ ಯಜಮಾನ್ರೆ. ಎಲ್ಲಾರ್ನೂ ಹೆಣದ ಗಾಡೀಲಿ ಹಾಕ್ಕೊಂಡು ಹೋದ್ರು. ಬಾಗ್ಲಿಗೆ ಸುಣ್ಣದ ಗುರುತು ಹಾಕವ್ರೆ’ ಎಂದ. ನಮ್ಮ ತಿಪ್ಪಿ ಎಂದು ಕೇಳಿದ್ದಕ್ಕೆ ಅವನು ಬರಿದೇ ಕೈ ಆಡಿಸಿದ. ಆ ಮುದುಕ ಸುಳ್ಳು ಹೇಳಲಿಲ್ಲ, ಕಂಡದ್ದನ್ನು ಹೇಳಿದ. ಹಿತ್ತಲಿನ ಬಣ್ಣದ ಕೊಟ್ಟಿಗೆಯಲ್ಲಿ ಕೂಸನ್ನು ತಬ್ಬಿಕೊಂಡು ಅಡಗಿದ್ದವಳನ್ನು ಅವನೂ ಕಾಣಲಿಲ್ಲ, ಗಾಡಿಯವರೂ ಕಾಣಲಿಲ್ಲ. ರಾಮಲಿಂಗಪ್ಪ ಬಾವಿಗೆ ಹೋಗಿ ತಲೆಗೆ ನೀರು ಸುರಿದುಕೊಂಡು ಬಂದ. ಚೌಡಮ್ಮನ ತಲೆಯ ಮೇಲೂ ಒಂದು ಕೊಡ ಸುರಿದ. ಬಂದು ಮಗ್ಗಕ್ಕೆ ಕುಳಿತ. ಎಂಥ ಕಲ್ಲೆದೆ ಎಂದು ಆಡಿಕೊಂಡವರುಂಟು. ಮಗ್ಗದ ಗುಂಡಿಯಲ್ಲಿ ಕುಳಿತು ಅವನು ಅಳುತ್ತಿದ್ದನೆಂದೂ, ಲಾಳಿಯ ಸದ್ದಿನಲ್ಲಿ ಆ ಅಳು ಬೀದಿಗೆ ಕೇಳುತ್ತಿರಲಿಲ್ಲವೆಂದೂ ಚೌಡಮ್ಮ ಮುಂದೆ ಮೊಮ್ಮಗಳಿಗೆ ಹೇಳಿದಳು.

ಅದಾದ ನಾಲ್ಕನೆಯ ದಿನ. ಚೈತ್ರದ ಬಿಸಿಲು. ಹೊತ್ತು ನೆತ್ತಿಗೆ ಬಂದಿತ್ತು, ಬೀದಿಯಲ್ಲಿ ನಾಯಿಯೂ ಇರಲಿಲ್ಲ. ‘ಅವ್ವಾ’ ಎಂದು ಒಂದು ಕೂಗು ಬಂತು. ಸಾಲಿನ ಮಗ್ಗಗಳೆಲ್ಲ ನಿಂತವು. ದನಿ ಒಡೆದಿತ್ತು, ಆದರೆ ಯಾರದೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಒಲೆಯ ಮುಂದಿದ್ದ ಚೌಡಮ್ಮ ಎದ್ದು ಬಂದು ಕದಕ್ಕೆ ಕೈ ಹಾಕಿದಳು. ರಾಮಲಿಂಗಪ್ಪ ಗುಂಡಿಯಿಂದ ಹಾರಿ ಬಂದು ಅವಳ ಎರಡೂ ರಟ್ಟೆ ಹಿಡಿದ. ‘ತಿಪ್ಪಿ ಕಣೊ’ ಎಂದಳು. ‘ತಿಪ್ಪಿ ಎಲ್ಲವ್ಳೆ? ನಾಕು ದಿನ ಆಯ್ತು ನೀರು ಹುಯ್ಕೊಂಡು. ಸತ್ತೋರ ದನೀಲಿ ಕರೆಯೋಳು ಯಾರು ಅಂತ ಗೊತ್ತಿಲ್ವ ನಿಂಗೆ?’ ಎಂದ. ಒಂದು ರಟ್ಟೆಯನ್ನಷ್ಟೇ ಬಿಟ್ಟ. ಚೌಡಮ್ಮ ಕುಕ್ಕರಿಸಿ ಒಂದು ಬೀಜ ಸರಿಸಿದಳು. ಎರಡನೆಯ ಕೂಗು ಬರಲು ಬಹಳ ಹೊತ್ತು ಹಿಡಿಯಿತು. ‘ಅವ್ವಾ… ನಾನು’ ಎಂದಷ್ಟೇ ಕೇಳಿಸಿತು, ಅದೂ ನೆಲಮಟ್ಟದಿಂದ. ಎರಡನೆಯ ಬೀಜ ಸರಿಯಿತು. ಆಮೇಲೆ ಕದದ ಹೊರಮೈಯನ್ನು ಏನೋ ಕೆರೆದಂತಾಯಿತು. ಬಡಿತಕ್ಕೂ ಕೆರೆತಕ್ಕೂ ಎಣಿಕೆಯಿಲ್ಲ ಎಂದು ರಾಮಲಿಂಗಪ್ಪನೇ ಕಟ್ಟು ಮಾಡಿದ್ದ. ಇಬ್ಬರೂ ಕಾದರು. ಬೀದಿಯೆಲ್ಲ ಕಾಯಿತು.

ಮೂರನೆಯದಾಗಿ ಬಂದದ್ದು ಕೂಸಿನ ದನಿ. ಹಸಿದ ಕೂಸು ಒಮ್ಮೆಗೇ ಚೀರುವಂತೆ ಚೀರಿತು. ‘ಬಂತು, ಮೂರನೇದು ಬಂತು’ ಎಂದು ಚೌಡಮ್ಮ ಮೂರನೆಯ ಬೀಜವನ್ನು ಬಲಕ್ಕೆ ಸರಿಸಿದಳು. ರಾಮಲಿಂಗಪ್ಪ ಬಗ್ಗಿ, ಆ ಬೀಜವನ್ನು ಬೆರಳಿನಿಂದ ಹಿಂದಕ್ಕೆ ಎಡಕ್ಕೆ ತಳ್ಳಿದ. ‘ಅದು ಅಳು, ಕೂಗಲ್ಲ. ಕರೀಲಿಲ್ಲ ಅದು. ಮೂರನೇದು ಬರ್ಲಿ’ ಎಂದ. ಅವಳು ಮತ್ತೆ ಬಲಕ್ಕೆ ತಂದಳು, ಅವನು ಮತ್ತೆ ಎಡಕ್ಕೆ ತಳ್ಳಿದ. ಹೊರಗೆ ಕೂಸು ಅಳುತ್ತಲೇ ಇತ್ತು. ಒಂದು ಲಾಳಿಯ ನೂಲು ಮುಗಿಯುವಷ್ಟು ಹೊತ್ತು ಹೀಗೆ ನಡೆಯಿತು ಎನ್ನುತ್ತಾರೆ. ಅಷ್ಟರಲ್ಲಿ ಆ ಸಾಲಿನ ಒಂಬತ್ತು ಮನೆಗಳಲ್ಲಿ ಒಂಬತ್ತು ಹೆಂಗಸರು ತಮ್ಮ ತಮ್ಮ ಹೊಸ್ತಿಲ ಹಿಂದೆ ಎರಡೆರಡು ಬೀಜ ಸರಿಸಿ, ಮೂರನೆಯದರ ಮೇಲೆ ಬೆರಳಿಟ್ಟುಕೊಂಡು ಕುಳಿತಿದ್ದರು. ಬಲಮಗ್ಗುಲಿನ ಮನೆಯಲ್ಲಿ ಹಾಗೆ ಕುಳಿತವಳು ನನ್ನ ಅಜ್ಜಿಯ ಅವ್ವ ಕೆಂಚಮ್ಮ. ಅವಳ ಪಕ್ಕದಲ್ಲೇ ತುಂಬಿದ ಬಿಂದಿಗೆ ಇತ್ತು. ‘ಕೂಗಿದ್ದು ನಮ್ಮ ಬಾಗ್ಲನ್ನಲ್ಲವಲ್ಲ’ ಎಂದು ಸಾಯುವತನಕ ಹೇಳುತ್ತಿದ್ದಳಂತೆ. ಅವಳ ಮೇಲೆ ನನಗೆ ಸಿಟ್ಟಿದೆ. ಕಂಡಿಲ್ಲದ ಮುತ್ತಜ್ಜಿಯ ಮೇಲೆ ಈ ವಯಸ್ಸಿನಲ್ಲಿ ಸಿಟ್ಟು ಮಾಡಿಕೊಂಡು ಫಲವೇನು, ಆದರೂ ಇದೆ.

ಕೂಸಿನ ಅಳು ಬಿಕ್ಕಳಿಕೆಗೆ ಇಳಿದಾಗ ಚೌಡಮ್ಮ ಗಂಡನ ಕೈಯನ್ನು ರಕ್ತ ಬರುವಂತೆ ಕಚ್ಚಿ, ಬಿಡಿಸಿಕೊಂಡು, ಅಗುಳಿ ಎಳೆದಳು. ಕದ ಒಳಕ್ಕೆ ತೆರೆದುಕೊಂಡಿತು. ಕದಕ್ಕೆ ಬೆನ್ನು ಕೊಟ್ಟು ಕುಳಿತಿದ್ದ ತಿಪ್ಪಮ್ಮ ಕದದೊಂದಿಗೆ ಒಳಕ್ಕೆ ವಾಲಿದಳು. ತಲೆ ಹೊಸ್ತಿಲಿನ ಈಚೆಗೆ ಅವ್ವನ ಪಾದದ ಮೇಲೆ ಬಿತ್ತು, ಮಡಿಲಲ್ಲಿ ಕೂಸಿತ್ತು. ಬಾಯಿಗೆ ನೀರು ಬಿಟ್ಟರು. ನೀರು ಒಳಗೆ ಹೋಗಲಿಲ್ಲ, ಕಟವಾಯಿಯಿಂದ ಹರಿದು ನೆಲಕ್ಕೆ ಇಳಿಯಿತು. ಚೌಡಮ್ಮ ಮಗಳ ಸೀರೆ ಸರಿಸಿ ನೋಡಿದಳು: ಕಂಕುಳಲ್ಲಿ ಗಡ್ಡೆಯಿಲ್ಲ, ತೊಡೆಸಂದಿಯಲ್ಲಿ ಗಡ್ಡೆಯಿಲ್ಲ. ಅಂಗಾಲು ಮಾತ್ರ ಸುಟ್ಟು ಬೊಬ್ಬೆಯೆದ್ದಿತ್ತು, ನಾಲಗೆ ಒಣಗಿ ಅಂಗುಳಿಗೆ ಅಂಟಿತ್ತು. ನಾಲ್ಕು ದಿನ ಅನ್ನ ಕಾಣದೆ ಕೂಸಿಗೆ ಮೊಲೆಯೂಡಿ, ಕಾವಲಿನವರ ಕಣ್ಣು ತಪ್ಪಿಸಿ ಹೊಲಗಳ ಮೇಲೆ ಬಳಸಿ ಬಂದವಳಿಗೆ ದಾರಿಯ ಮೂರು ಬಾವಿಗಳಲ್ಲೂ ಹಗ್ಗ ಸಿಕ್ಕಿರಲಿಲ್ಲ. ಮೂರನೆಯ ಕೂಗು ಬೇಕೆಂಬುದು ಅವಳಿಗೆ ಗೊತ್ತಿತ್ತು. ಆ ಮನೆಯಲ್ಲಿ ಬೀಜ ಸರಿಸಿದವಳೇ ಅಲ್ಲವೇ? ಗೊತ್ತಿದ್ದೂ ಕೂಗಲಾರದೆ ಅವಳು ಕೂಸಿನ ತೊಡೆಯನ್ನು ಚಿವುಟಿದ್ದಳು. ಆ ಎಳೆಯ ತೊಡೆಯ ಮೇಲೆ ಎರಡು ಉಗುರಿನ ಗುರುತು ಮೂಡಿದ್ದನ್ನು ಚೌಡಮ್ಮ ಕಂಡಳು. ಕಂಡು ಗಂಡನನ್ನು ಕರೆದು ತೋರಿಸಿದಳು. ಅವನು ನೋಡಿದ.

ಹೆಣ ಎತ್ತಲು ಬೀದಿಯಿಂದ ಯಾರೂ ಬರಲಿಲ್ಲ. ಎಲ್ಲರ ಕದಗಳೂ ಈಗ ತೆರೆದಿದ್ದವು, ಎಲ್ಲರೂ ತಮ್ಮ ತಮ್ಮ ಹೊಸ್ತಿಲ ಮೇಲೆ ನಿಂತಿದ್ದರು. ಚಟ್ಟ ಕಟ್ಟಲು ಬಿದಿರು ಕೊಡುವವರೂ ಇರಲಿಲ್ಲ. ರಾಮಲಿಂಗಪ್ಪ ಒಳಗಿನಿಂದ ಸನಿಕೆ ತಂದು, ಮುಂಬಾಗಿಲಿನ ಕದವನ್ನು ಮೀಟಿ ಕಳಚಿದ. ಅದರ ಮೇಲೆ ಮಗಳನ್ನು ಮಲಗಿಸಿ, ತಲೆಯ ಕಡೆ ತಾನು, ಕಾಲಿನ ಕಡೆ ಹೆಂಡತಿ ಹಿಡಿದು, ಕೂಸನ್ನು ಚೌಡಮ್ಮನ ಬೆನ್ನಿಗೆ ಕಟ್ಟಿಕೊಂಡು, ಬೀದಿಯ ನಡುವೆ ಹೊತ್ತು ನಡೆದರು. ಹಲಸಿನ ಕದ, ಹತ್ತು ಹೆಜ್ಜೆಗೊಮ್ಮೆ ಇಳಿಸಿ ಸುಧಾರಿಸಿಕೊಳ್ಳಬೇಕಾಗಿತ್ತು. ಹಾಗೆ ಇಳಿಸಿದಲ್ಲೆಲ್ಲ ಆ ಮನೆಯವರು ಹೊಸ್ತಿಲಿನಿಂದ ಒಳಕ್ಕೆ ಸರಿದರು. ಹುರುಳಿ ಹೊಲದ ಆಚೆ ಕದವನ್ನೂ ಮಗಳೊಂದಿಗೇ ಸುಟ್ಟರು. ಹಿಂದಿರುಗಿ ಬಂದಾಗ ಮನೆ ಬಾಯಿ ತೆರೆದುಕೊಂಡಿತ್ತು. ರಾಮಲಿಂಗಪ್ಪ ಮತ್ತೆ ಕದ ಮಾಡಿಸಲಿಲ್ಲ. ಆ ಬೇಸಿಗೆಯಲ್ಲಿ ಸಾಲುಗಳ ಹನ್ನೊಂದು ಮನೆಗಳಲ್ಲಿ ಸಾವಾಯಿತು ಎನ್ನುತ್ತಾರೆ. ಕದವಿಲ್ಲದ ಮನೆಗೆ ಮಾತ್ರ ಜ್ವರ ಬರಲಿಲ್ಲ. ಬರಲಿ ಎಂದು ಅವನು ದಿನವೂ ಬಾಗಿಲಲ್ಲೇ ಮಲಗುತ್ತಿದ್ದ.

ಕದ ಸುಟ್ಟ ಬೂದಿಯಲ್ಲಿ ಅದರ ಹಿತ್ತಾಳೆಯ ಮೊಳೆಗಳು ಸಿಕ್ಕಿದ್ದವು. ಅವುಗಳಲ್ಲಿ ಎರಡು ದೊಡ್ಡ ಮೊಳೆಗಳನ್ನು ಆರಿಸಿ ಅವನು ಹೊಸ್ತಿಲಿಗೆ ಬಡಿದ. ಯಾಕೆಂದು ಕೇಳಿದವರಿಗೆ ‘ಎರಡೇ ಕೇಳಿದ್ದು ನಂಗೆ’ ಎಂದ. ಅಲ್ಲಿಂದ ಮುಂದೆ ಅವನು ಮಗ್ಗ ಮುಟ್ಟಲಿಲ್ಲ. ಜಗುಲಿಯ ಮೇಲೆ ಕುಳಿತು ಬೀದಿಯಲ್ಲಿ ಯಾರು ಯಾರನ್ನು ಕೂಗಿದರೂ ‘ಓ, ಬಂದೆ’ ಎನ್ನುತ್ತಿದ್ದ. ಬಳೆಗಾರ ಕೂಗಿದರೂ ಓ, ಎಮ್ಮೆ ಕೂಗಿದರೂ ಓ. ಮಕ್ಕಳು ಮೊದಮೊದಲು ಆಟಕ್ಕೆ ಕೂಗಿ ನಗುತ್ತಿದ್ದರು. ಅವನು ಪ್ರತಿ ಸಲವೂ ಎದ್ದು ಅಂಗಳಕ್ಕೆ ಇಳಿದು ಬರುವುದನ್ನು ಕಂಡು ಅವರೂ ಬಿಟ್ಟರು. ಏಳು ವರ್ಷ ಹೀಗೆ ಬದುಕಿ ಸತ್ತ. ಅವನು ಸತ್ತ ಮರುದಿನ ಮಧ್ಯಾಹ್ನ ಯಾರೋ ಯಾರನ್ನೋ ಕೂಗಿದಾಗ ಉತ್ತರ ಕೊಡುವವರಿಲ್ಲದೆ ಬೀದಿ ಬಿಕೋ ಎಂದಿತು. ಆಗ ಮಗ್ಗುಲು ಮನೆಯೊಳಗಿನಿಂದ ಕೆಂಚಮ್ಮ ‘ಓ, ಬಂದೆ’ ಎಂದಳಂತೆ. ಆಚೆ ಮನೆಯವಳೂ ಓಗೊಟ್ಟಳು. ಹುಣಸೆಬೀಜಗಳನ್ನು ಯಾವಾಗ ಎಸೆದರೆಂದು ಯಾರಿಗೂ ನೆನಪಿಲ್ಲ. ಆ ಮನೆಗೆ ಎರಡು ಕೂಗಿನ ಮನೆ ಎಂದೂ, ಸಾಲುಗಳಿಗೆಲ್ಲ ಎರಡುಕೂಗು ಎಂದೂ ಜನ ಬೆನ್ನ ಹಿಂದೆ ಆಡತೊಡಗಿದ ಹೆಸರು ಬರಬರುತ್ತ ಎದುರಿಗೂ ಬಂದು ನಿಂತಿತು.

ಆ ಕೂಸೇ ಈರಜ್ಜಿ. ಚೌಡಮ್ಮನ ಕೈಯಲ್ಲಿ ಬೆಳೆದು, ಅದೇ ಮನೆಗೆ ಗಂಡನನ್ನು ತಂದುಕೊಂಡು, ಅಲ್ಲೇ ಮಕ್ಕಳು ಮೊಮ್ಮಕ್ಕಳನ್ನು ಕಂಡವಳು. ನಾನು ಕೆಲಸಕ್ಕೆ ಸೇರಿದಾಗ ಅವಳಿಗೆ ಎಪ್ಪತ್ತರ ಮೇಲಾಗಿತ್ತು. ಯಾರೇ ಬಂದರೂ ಹೆಸರು ಕೇಳುವ ಮೊದಲು ನೀರು ಕೊಡುತ್ತಿದ್ದಳು. ಒಂದು ದಿನ ಜಗುಲಿಯಲ್ಲಿ ಬೆವರೊರೆಸಿಕೊಳ್ಳುತ್ತ, ‘ಎರಡುಕೂಗು ಅಂತ ಬರೆದ್ರೆ ಸಾಕು ನೋಡಜ್ಜಿ, ಬೇರೆ ವಿಳಾಸವೇ ಬೇಡ, ಕಾಗದ ಬಂದು ಸೇರ್ತದೆ’ ಎಂದೆ. ಹೊಗಳಿಕೆಗೆ ಹೇಳಿದ ಮಾತು. ‘ಎರಡಲ್ಲಪ್ಪ, ಮೂರು. ಮೂರನೇದು ನಾನು ಕೂಗಿದ್ದೆ’ ಎಂದಳು. ನನ್ನ ಅಜ್ಜಿ ಎರಡು ಎಂದೇ ಹೇಳಿದ್ದಾಳೆ ಎಂದು ಬಾಯಿ ಜಾರಿ ಅಂದುಬಿಟ್ಟೆ. ‘ನಿಮ್ಮಜ್ಜಿ ಎರಡು ಅನ್ನದೆ ಇನ್ನೇನಂದಾಳು? ಎರಡು ಅಂದ್ರೆ ನೀವೆಲ್ಲ ಕಟ್ಟು ಪಾಲಿಸ್ದೋರು. ಮೂರು ಅಂದ್ರೆ ನೀವೆಲ್ಲ ಕೇಳಿಸ್ಕೊಂಡೂ ಬರ್ದೆ ಇದ್ದೋರು’ ಎಂದಳು. ಸಿಟ್ಟಿನಿಂದ ಹೇಳಲಿಲ್ಲ, ಮಜ್ಜಿಗೆಗೆ ಉಪ್ಪು ಸಾಕೇ ಎಂದು ಕೇಳುವ ದನಿಯಲ್ಲಿ ಹೇಳಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ಒಂದು ಚಿಕ್ಕ ಹಿತ್ತಾಳೆಯ ಮೊಳೆ ತೆಗೆದಳು. ಅವಳ ಅಜ್ಜ ಕದದ ಬೂದಿಯಿಂದ ಆರಿಸಿ ತಂದವುಗಳಲ್ಲಿ ಎಲ್ಲಕ್ಕಿಂತ ಚಿಕ್ಕದು. ಚೌಡಮ್ಮ ಸಾಯುವಾಗ ಕೈಗಿಟ್ಟು ಹೋಗಿದ್ದಳಂತೆ. ಬಡಿಯಲು ಕೈಲಾಗುವುದಿಲ್ಲ, ಬಡಿದು ಕೊಡು ಎಂದಳು. ಮಕ್ಕಳು ಮೊಮ್ಮಕ್ಕಳು ಮನೆ ತುಂಬ ಇದ್ದರು. ಬಲಮಗ್ಗುಲಿನ ಮನೆಯವನ ಕೈಯಿಂದಲೇ ಆಗಬೇಕೆಂದು ಅವಳು ಎಷ್ಟು ದಿನದಿಂದ ಕಾದಿದ್ದಳೋ ತಿಳಿಯದು. ನಾನು ಚೀಲ ಕೆಳಗಿಟ್ಟು, ಕಲ್ಲು ತೆಗೆದುಕೊಂಡು, ಎರಡು ಮೊಳೆಗಳ ಪಕ್ಕಕ್ಕೆ ಬಲಗಡೆಯಲ್ಲಿ ಮೂರನೆಯದನ್ನು ಬಡಿದೆ.

ಆ ಮನೆಯನ್ನು ನೋಡಲು ಈಗಲೂ ಜನ ಬರುತ್ತಾರೆ. ಕದವಿಲ್ಲದ ಬಾಗಿಲಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಹರವಿಯ ನೀರು ಕುಡಿಯುತ್ತಾರೆ. ಈರಜ್ಜಿಯ ಮರಿಮಗಳು ಶಾಲೆಯ ಬಟ್ಟೆಯಲ್ಲೇ ಓಡಿಬಂದು, ಕರೆಯುವ ಮೊದಲೇ ಓ ಎನ್ನುತ್ತಾಳೆ. ಹೊಸ್ತಿಲಿನ ಮೇಲೆ ದೊಡ್ಡವು ಎರಡು ಮೊಳೆಗಳಿವೆ, ನಾಲ್ಕೈದು ತಲೆಮಾರಿನ ಕಾಲು ತಾಗಿ ಅವು ಸವೆದು ಚಪ್ಪಟೆಯಾಗಿವೆ. ಮೂರನೆಯದು ಚಿಕ್ಕದು, ಸ್ವಲ್ಪ ಸೊಟ್ಟ, ಅದನ್ನು ಮನೆಯವರು ತುಳಿಯದೆ ದಾಟುತ್ತಾರೆ. ನೋಡಲು ಬಂದವರು ಬಗ್ಗಿ ಮೂರೂ ಮೊಳೆ ಮುಟ್ಟಿ ಕಣ್ಣಿಗೊತ್ತಿಕೊಂಡು, ಬಸ್ಸಿಗೆ ಹಿಂದಿರುಗಿ, ಕಂಡಕ್ಟರನಿಗೆ ಎರಡುಕೂಗಿನಿಂದ ಹತ್ತಿದೆವು ಎಂದು ಹೇಳಿ ಟಿಕೀಟು ತೆಗೆದುಕೊಳ್ಳುತ್ತಾರೆ. ನಾನೂ ಹಾಗೆಯೇ ಹೇಳುತ್ತೇನೆ. ಮೂರು ಎಂದು ಹೇಳಲು ಈ ಎಂಬತ್ತರ ವಯಸ್ಸಿನಲ್ಲೂ ನನಗೆ ಬಾಯಿ ಬಂದಿಲ್ಲ.